ಡಾಲ್ಫಿನ್ ಕಾರಿನ ಬಾನೆಟ್ ಬಿರುಕು ಸರಿಮಾಡಿದ್ದು ಹೀಗೆ
ನಮ್ಮ ಹಳೇ ಸಿಪಾನಿ ಡಾಲ್ಫಿನ್ ಬೆಂಗಳೂರಲ್ಲೇ ತಯಾರಾದ ಕಾರು, ಫೈಬರ್‌ಗ್ಲಾಸ್ ಬಾಡಿ. ಬಾನೆಟ್ ಬಿರುಕು ಬಿಟ್ಟಿತ್ತು. ಮೈಸೂರಿನ ಟಿಂಕರಿಂಗ್ ಶಾಪ್‌ನಲ್ಲಿ ಪುಟ್ಟಿ ತುಂಬಿ ಪೇಂಟ್ ಹೊಡೆಯೋಣ ಅಂದರು. ಸುಮ್ನೆ ಪುಟ್ಟಿ ಹಾಕಿದರೆ ಅಲುಗಾಟಕ್ಕೆ ಮತ್ತೆ ಸೀಳುತ್ತೆ, ಅಲ್ವಾ? ಮನೆಯಲ್ಲೇ ರಿಪೇರಿಗೆ ಕೂತೆ.

ಬಿರುಕು ಮುಂದೆ ಹರಿಯದಿರಲಿ ಅಂತ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದೆ. ಒಳಬದಿಯನ್ನು ಒರಟಾಗಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿದೆ. ಪಾಲಿಯೆಸ್ಟರ್ ರೆಸಿನ್‌ಗೆ (ಅಂಟಿನಂಥ ದ್ರವ) ಅದನ್ನು ಗಟ್ಟಿಮಾಡೋ ಹಾರ್ಡನರ್ ಶೇ. 1ರಷ್ಟು ಸಾಕು, ಏಪ್ರಿಲ್ ಬಿಸಿಲಲ್ಲಿ ಜಾಸ್ತಿಯಾದರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತೆ. ಗಾಜಿನ ಎಳೆಗಳ ಹಾಸು, ಅಂದ್ರೆ ಫೈಬರ್‌ಗ್ಲಾಸ್ ಮ್ಯಾಟನ್ನು ಕತ್ತರಿಸದೆ ಕೈಯಲ್ಲಿ ಹರಿದೆ, ಅಂಚು ತೆಳುವಾಗಿ ಕೂರುತ್ತೆ. ಒಳಬದಿಗೆ ಹಾಸಿದ ಬಿಳಿ ಮ್ಯಾಟ್ ರೆಸಿನ್ ಕುಡಿದು, ಕೆಳಗಿನದೆಲ್ಲ ಕಾಣುವ ತನಕ ಬ್ರಷ್‌ನಿಂದ ಕುಟ್ಟಿ ಗಾಳಿಗುಳ್ಳೆ ತೆಗೆದೆ. ಹೀಗೆ ಮೂರು ಪದರ.

ಗಟ್ಟಿಯಾದ ಮೇಲೆಯೇ ಹೊರಬದಿಗೆ ಪುಟ್ಟಿ, ಎಮರಿ ಪೇಪರ್, ಪ್ರೈಮರ್. ಉಜ್ಜುವಾಗ ಮಾಸ್ಕ್, ತುಂಬುತೋಳಿನ ಅಂಗಿ ಇರಲಿ. ಆ ಧೂಳಿನ ತುರಿಕೆ ಯಾರಿಗೂ ಬೇಡ.