ಹಂಸಧ್ವನಿಗೆ ಶ್ರುತಿ ಮಾಡಿದ ಪಿಯಾನೋ: ನನ್ನ ಅನುಭವ

ಕಳೆದ ಜನವರಿಯಲ್ಲಿ ಬಸವನಗುಡಿಯ ನಮ್ಮ ಮನೆಯ ಹಾಲ್‌ನಲ್ಲಿ ನಲವತ್ತು ಜನರ ಮುಂದೆ ಎಪ್ಪತ್ತು ನಿಮಿಷ ನುಡಿಸಿದೆ. ಒಂದೇ ಪಿಯಾನೋ, ಒಂದೇ ರಾಗ ಹಂಸಧ್ವನಿ, ಎಲ್ಲವೂ ನನ್ನದೇ ರಚನೆ. ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯ ವೈಣಿಕರೊಬ್ಬರು ಎದ್ದು ಬಂದರು. ಗಾಂಧಾರ ಒತ್ತಿ ಹಿಡಿದು, ನಾದ ಪೂರ್ತಿ ಅಡಗುವ ತನಕ ಕಿವಿಗೊಟ್ಟು ನಿಂತರು. "ಸೇರಿದೆ ಕಣಯ್ಯಾ" ಅಂದರು. ಐದಾರು ವರ್ಷದ ಹಿಂದೆ ಇವರೇ "ಪಿಯಾನೋದಲ್ಲಿ ಸ್ವರ ಬರುತ್ತೆ, ರಾಗ ಬರಲ್ಲ. ಸುಮ್ಮನೆ ದುಡ್ಡು ಕಳ್ಕೋಬೇಡ" ಅಂದಿದ್ದವರು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನನ್ನದು ಹನುಮಂತನಗರದಲ್ಲಿ ಬೆಳೆದ ಕಿವಿ. ರಾಮನವಮಿ ಬಂತೆಂದರೆ ತಾತನ ಜತೆ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಚೇರಿ, ಶನಿವಾರ ಮಧ್ಯಾಹ್ನ ಎರಡು ಬಸ್ ಬದಲಾಯಿಸಿ ಕುಕ್ ಟೌನ್‌ಗೆ ಪಿಯಾನೋ ಪಾಠ. ಪಿಯಾನೋ ಪರೀಕ್ಷೆಯ ಎಂಟನೇ ಗ್ರೇಡ್ ಮುಗಿಸಿದೆ. ಆಮೇಲೆ ಹನ್ನೊಂದು ವರ್ಷ ಹೋಟೆಲ್ ಲಾಬಿ, ಮದುವೆ ರಿಸೆಪ್ಷನ್, ಸ್ಟುಡಿಯೋದಲ್ಲಿ ಕೀಬೋರ್ಡ್. ಒಂದು ಸ್ಟುಡಿಯೋದವರು ಮೂರು ಚಿತ್ರಗಳ ಬಾಬ್ತು ಅರವತ್ತು ಸಾವಿರದಷ್ಟು ಹಣ ಇವತ್ತಿಗೂ ಕೊಟ್ಟಿಲ್ಲ. ಆ ಸಿಟ್ಟಿನಲ್ಲೇ 2014ರಲ್ಲಿ ಉಳಿತಾಯವನ್ನೆಲ್ಲ ಬಳಿದು ಹಳೆಯ ಅಪ್‌ರೈಟ್ ಪಿಯಾನೋ ಕೊಂಡೆ. ಒಂದು ಲಕ್ಷ ಅರವತ್ತು ಸಾವಿರ. ಆರು ಜನ ಸೇರಿ ಅದನ್ನು ಮೊದಲ ಮಹಡಿಗೆ ಹತ್ತಿಸಿದ್ದಕ್ಕೆ ಹನ್ನೊಂದು ಸಾವಿರ.

ಪಿಯಾನೋ ನಮ್ಮದಲ್ಲ ಅನ್ನುವವರ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. ರಷ್ಯಾದ ಸಂಗೀತ ರಚನೆಕಾರ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ರೆಕಾರ್ಡಿಂಗ್‌ಗೆ ಹಣ ಕೊಟ್ಟದ್ದು ಮೈಸೂರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಅರ್ಪಿಸಿದ್ದು ಈ ಮಹಾರಾಜರಿಗೆ. ಅದೇ ಕೈ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿತು. ಒಂದೇ ತಲೆಯಲ್ಲಿ ಎರಡೂ ಕೂತಿದ್ದವು. ನನ್ನ ಪಿಯಾನೋದಲ್ಲಿ ಯಾಕೆ ಕೂರುವುದಿಲ್ಲ ಎಂಬ ಹಟ ನನಗೆ.

ತೊಂದರೆ ಎಲ್ಲಿ ಅಂತ ನುಡಿಸುವವರಿಗೆಲ್ಲ ಗೊತ್ತು. ಪಿಯಾನೋದ್ದು ಸಮಭಾಗ ಶ್ರುತಿ, ಅಂದರೆ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದು. ಅದರಲ್ಲಿ ಅಂತರ ಗಾಂಧಾರ 14 ಸೆಂಟ್ ಏರಿ ಕೂತಿರುತ್ತದೆ (ಅಂಥ ಒಂದು ಪಾಲಿನ ನೂರನೇ ಒಂದು ಭಾಗ ಒಂದು ಸೆಂಟ್). ನಡುವಿನ ಸಿ ಮತ್ತು ಇ, ಅಂದರೆ ಷಡ್ಜ ಮತ್ತು ಗಾಂಧಾರ, ಒಟ್ಟಿಗೆ ಒತ್ತಿ ಕೇಳಿ, ಸೆಕೆಂಡಿಗೆ ಹತ್ತು ಸಲ ಅಲೆ ಏಳುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದು ಮುಳ್ಳು. ಗಮಕ, ಅಂದರೆ ಸ್ವರವನ್ನು ತೂಗಿ ಬಳುಕಿಸುವುದು, ಬರುವುದಿಲ್ಲ ಅಂತ ಎಲ್ಲರೂ ದೂರುತ್ತಾರೆ. ನನ್ನ ಪ್ರಕಾರ ಅದು ಎರಡನೇ ಮಾತು. ನಿಂತ ಸ್ವರವೇ ಸೇರದಿದ್ದರೆ ಗಮಕ ತಗೊಂಡು ಏನು ಮಾಡುವುದು?

2018ರಲ್ಲಿ ಮೊದಲು ಕೈ ಹಾಕಿದ್ದು ಮೋಹನ ರಾಗಕ್ಕೆ. ಐದೇ ಸ್ವರ, ಸುಲಭ ಅಂದುಕೊಂಡೆ. ನಮ್ಮ ಟ್ಯೂನರ್ ಅಂಕಲ್ "ಇದು ಹುಚ್ಚುತನ ಮಗನೇ, ತಂತಿ ಕಿತ್ಕೊಂಡು ಹೋಗುತ್ತೆ" ಅಂತ ಬೈಯುತ್ತಲೇ ಮಾಡಿಕೊಟ್ಟರು. ಗಾಂಧಾರ 14 ಸೆಂಟ್ ಇಳಿಸಿದೆವು, ಧೈವತ 16. ಷಡ್ಜ, ಗಾಂಧಾರ, ಪಂಚಮ ಗಂಟೆ ಹೊಡೆದ ಹಾಗೆ ಸೇರಿದವು. ಆದರೆ ರಿಷಭ ಧೈವತ ಒಟ್ಟಿಗೆ ಬಿದ್ದ ಕಡೆಯೆಲ್ಲ ಒಡಕು. ಧೈವತವನ್ನು ರಿಷಭಕ್ಕೆ ಸೇರುವಂತೆ ಏರಿಸಿದರೆ ಗಾಂಧಾರಕ್ಕೆ ಒಡಕು. ಗಾಯಕರಾದರೆ ಧೈವತವನ್ನು ಜಾಗ ನೋಡಿ ಎರಡು ಥರ ಹಿಡಿಯುತ್ತಾರೆ. ನನಗೆ ಇರುವುದು ಒಂದೇ ಕೀ. ಹೀಗೇ ಒಂಬತ್ತು ಸಲ ಅಂಕಲ್ ಬಂದರು, ಬಂದಾಗಲೆಲ್ಲ ಮೂರೂವರೆ ಸಾವಿರ. ಆಮೇಲೆ ಅವರೇ ಬೇಸತ್ತು "ಇನ್ನು ನೀನೇ ಮಾಡ್ಕೋ" ಅಂದುಬಿಟ್ಟರು. ಹದಿನಾಲ್ಕು ಸಾವಿರ ಕೊಟ್ಟು ತಂತಿ ಬಿಗಿ ಮಾಡುವ ಲಿವರ್, ತಂತಿ ಮುಚ್ಚುವ ಫೆಲ್ಟ್ ಬಟ್ಟೆ ತರಿಸಿ ನಾನೇ ಕಲಿತೆ. ಕಲಿಯುವಾಗ ಎರಡು ತಂತಿ ಕಿತ್ತವು. ಹೊಸ ತಂತಿ ವಾರಗಟ್ಟಲೆ ಇಳಿಯುತ್ತಲೇ ಇರುತ್ತದೆ, ದಿನಾ ಬೆಳಿಗ್ಗೆ ಅದನ್ನೇ ಏರಿಸುವ ಕೆಲಸ. ಅಷ್ಟು ಹೊತ್ತಿಗೆ ಎರಡೂಕಾಲು ಲಕ್ಷ ಕೈಬಿಟ್ಟಿತ್ತು.

2019ರಲ್ಲಿ ಗೆಳೆಯರ ಮನೆಯಲ್ಲಿ ಅದೇ ಮೋಹನ ನುಡಿಸಿದೆ. ಅರ್ಧಕ್ಕೇ ಜನ ಕಾಫಿಗೆ ಎದ್ದರು. ಆ ರಾತ್ರಿ ಗಾಂಧಿ ಬಜಾರಿನಿಂದ ಮನೆ ತನಕ ನಡೆದುಕೊಂಡೇ ಬಂದೆ, ಆಟೋ ಹತ್ತಲೂ ಮನಸ್ಸಾಗಲಿಲ್ಲ.

ಹಂಸಧ್ವನಿ ಹೊಳೆದದ್ದು ಲೆಕ್ಕ ಹಾಕುತ್ತಾ ಕೂತಾಗ. ಅದರಲ್ಲಿ ಧೈವತವೇ ಇಲ್ಲ. ಸ-ಗ-ಪ ಶುದ್ಧವಾಗಿ ಸೇರುವ ಒಂದು ಗುಂಪು, ಪ-ನಿ-ರಿ ಇನ್ನೊಂದು. ಗಾಂಧಾರದಿಂದ ನಿಷಾದಕ್ಕೂ ಅಚ್ಚುಕಟ್ಟಾದ ಪಂಚಮದ ಅಂತರ. ಎಲ್ಲೂ ಒಡಕಿಲ್ಲ. ರಿಷಭ ನಾಲ್ಕು ಸೆಂಟ್, ಪಂಚಮ ಎರಡು ಸೆಂಟ್ ಏರಿಸಬೇಕು, ಗಾಂಧಾರ 14, ನಿಷಾದ 12 ಇಳಿಸಬೇಕು. ನಿಜವಾದ ಕೆಲಸ ಇರುವುದು ಗಾಂಧಾರ ನಿಷಾದಗಳ ತಂತಿಗಳಲ್ಲಿ ಮಾತ್ರ, ಮೂವತ್ತೈದು ನಲವತ್ತು ಇರಬಹುದು. ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಹುಟ್ಟಿಸಿದ ಈ ರಾಗ ಪಿಯಾನೋಗೇ ಹೇಳಿ ಮಾಡಿಸಿದಂತಿದೆ. ಮೊದಲು ಒಂದು ಮನೆ ಶ್ರುತಿಗೆ (ಸಿ ಷಡ್ಜವಾಗಿ) ಮಾಡಿದೆ, ಈಗ ಎರಡೂವರೆ ಮನೆ (ಡಿ ಶಾರ್ಪ್). ನನ್ನ ಪಿಯಾನೋದ ಮಂದ್ರ ತಂತಿಗಳು ಅಲ್ಲೇ ತುಂಬಿ ಬರುತ್ತವೆ.

ಆದರೂ ಎಲ್ಲ ತಂತಿಗಳನ್ನೂ ತೆರೆದಿಡುವ ಪೆಡಲ್ ಒತ್ತಿದರೆ ನಾದ ಮಸುಕು. ಕಾರಣ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ನುಡಿಸದ ಏಳು ಸ್ವರಸ್ಥಾನಗಳ ತಂತಿಗಳೂ ಜತೆಗೆ ಮಿಡಿಯುತ್ತವಲ್ಲ! ಮೇಲಿನ ಒಂದೂವರೆ ಸ್ಥಾಯಿಗೆ ನಾದ ತಡೆಯುವ ಡ್ಯಾಂಪರ್ ಕೂಡ ಇಲ್ಲ, ಅವು ಯಾವಾಗಲೂ ತೆರೆದೇ ಇರುತ್ತವೆ. ಆ ಏಳನ್ನೂ ಫೆಲ್ಟ್ ಪಟ್ಟಿ ನೇಯ್ದು ಪೂರ್ತಿ ಮುಚ್ಚಿಬಿಟ್ಟೆ. ಮುಚ್ಚಿ ಪೆಡಲ್ ಒತ್ತಿ ಒಂದು ಷಡ್ಜ ಬಾರಿಸಿದೆ. ಇಡೀ ಪೆಟ್ಟಿಗೆ ಸ್ವರಮಂಡಲವಾಗಿ ಎದ್ದಿತು. ಅಡುಗೆಮನೆಯಲ್ಲಿದ್ದ ಅಮ್ಮ "ಯಾರೋ ತಂಬೂರಿ ಹಾಕಿದ್ದು?" ಅಂದರು. ನಾನು ಅಲ್ಲೇ ಕೂತು ಅತ್ತೆ. ಫೆಲ್ಟ್ ಎಷ್ಟು ದಪ್ಪ, ತಂತಿಯ ಯಾವ ಜಾಗದಲ್ಲಿ ನೇಯಬೇಕು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಆ ಜಾಗ ಸಿಕ್ಕುವುದಕ್ಕೆ ನನಗೆ ಒಂದು ಮಳೆಗಾಲವೇ ಹೋಯಿತು.

ಮಳೆಗಾಲ ಅಂದೆ. ಜೂನ್‌ನಿಂದ ತೇವಕ್ಕೆ ನಡುವಿನ ಸ್ಥಾಯಿಯ ಶ್ರುತಿ ಏರುತ್ತದೆ, ಫೆಬ್ರವರಿ ಮಾರ್ಚ್ ಒಣಗಾಳಿಗೆ ಇಳಿಯುತ್ತದೆ. ಒಳಗೆ 25 ವಾಟ್ ಬಲ್ಬ್ ಇಟ್ಟು ನೋಡಿದೆ, ಬೇಸಿಗೆಯಲ್ಲಿ ಕೆಳಗೆ ನೀರಿನ ಪಾತ್ರೆ ಇಟ್ಟು ನೋಡಿದೆ. ಬಲ್ಬ್ ಪರವಾಗಿಲ್ಲ. ಈಗ ಕಾರ್ಯಕ್ರಮ ಇಟ್ಟುಕೊಳ್ಳುವುದು ನವೆಂಬರ್‌ನಿಂದ ಜನವರಿ ತನಕ ಮಾತ್ರ. ಶ್ರುತಿ ಒಂದೇ ಸುತ್ತಿಗೆ ನಿಲ್ಲುವುದಿಲ್ಲ. ಮೂರು ದಿನ ಮುಂಚೆ ಒಂದು ಸುತ್ತು, ಹಿಂದಿನ ದಿನ ಒಂದು, ಬೆಳಿಗ್ಗೆ ಗಾಂಧಾರ ನಿಷಾದ ಮಾತ್ರ.

ರಚನೆಗಳ ಪೈಕಿ ನನಗೆ ಹೆಮ್ಮೆ ಇರುವುದು ಭಾಮಿನಿ ಷಟ್ಪದಿಯ ಮೇಲೆ ಕಟ್ಟಿದ್ದು. ತಾತ ಗದುಗಿನ ಭಾರತ ವಾಚನ ಮಾಡುತ್ತಿದ್ದರು. ಮೂರು ನಾಲ್ಕು, ಮೂರು ನಾಲ್ಕು, ಅದೇ ಏಳು ಮಾತ್ರೆಯ ಮಿಶ್ರಛಾಪು ತಾಳ. ಎಡಗೈಗೆ ಅದನ್ನು ಕೊಟ್ಟೆ. ಮೂರನೇ ಮತ್ತು ಆರನೇ ಸಾಲಿನ ಕೊನೆಗೆ ಬರುವ ಗುರುವಿನಲ್ಲಿ ಎರಡೇ ಮಾತ್ರೆ ಇರುತ್ತದೆ, ತಾಳ ತಪ್ಪುತ್ತದೆ. ಅಲ್ಲಿ ಉಳಿದ ಐದು ಮಾತ್ರೆ ಕೈ ಎತ್ತಿ ಸುಮ್ಮನಾದೆ, ತಂತಿಗಳು ತಾವೇ ಹಾಡಿಕೊಂಡವು. ಮೃದಂಗದ ಗೆಳೆಯ "ಇಲ್ಲಿ ನಾನೂ ನುಡಿಸಲ್ಲ ಕಣೋ" ಅಂದ. ಇದೇ ಪಿಯಾನೋದಲ್ಲಿ ತೋಡಿ ರಾಗ ನುಡಿಸಲು ಹೋಗಿ ಒಂದು ತಿಂಗಳು ಹಾಳು ಮಾಡಿದ್ದೂ ಉಂಟು. ಅದರ ಗಾಂಧಾರ ತೂಗದೆ ಬದುಕುವುದಿಲ್ಲ, ಪಿಯಾನೋ ತೂಗುವುದಿಲ್ಲ. ಬಿಟ್ಟೆ.

ತಲೆಗೆ ಐನೂರು ಇಟ್ಟಿದ್ದೇನೆ. ನಲವತ್ತು ಜನಕ್ಕೆ ಇಪ್ಪತ್ತು ಸಾವಿರ, ಮೃದಂಗಕ್ಕೆ ಐದು, ಕುರ್ಚಿ, ಕಾಫಿ, ಉಪ್ಪಿಟ್ಟಿಗೆ ಮೂರು. ಎರಡು ಸೀಸನ್‌ಗೆ ಏಳು ಸಂಜೆ ಆಗಿವೆ, ಎಲ್ಲವೂ ಭರ್ತಿ. ಹಾಕಿದ ದುಡ್ಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂದಿದೆ. ಹೋಟೆಲ್ ಲಾಬಿ ಬಿಟ್ಟೆ, ಪಾಠ ಮುಂದುವರಿಸಿದ್ದೇನೆ. ಟ್ಯೂನರ್ ಅಂಕಲ್ ಡಿಸೆಂಬರ್‌ನಲ್ಲಿ ಬಂದಿದ್ದರು, ದುಡ್ಡು ಕೊಡಬೇಡ ಅಂತ ಹೇಳಿ ಹಿಂದಿನ ಸಾಲಿನಲ್ಲಿ ಕೂತರು. ಹೋಗುವಾಗ ಪಿಯಾನೋದ ಮುಂದಿನ ಹಲಗೆ ತೆಗೆಸಿ ಟಾರ್ಚ್ ಹಾಕಿ ಫೆಲ್ಟ್ ಎಲ್ಲಿ ನೇಯ್ದಿದ್ದೇನೆ ಅಂತ ನೋಡಿದರು. ಅವರೊಬ್ಬರಿಗೆ ಮಾತ್ರ ತೋರಿಸಿದ್ದೇನೆ. ಮುಂದಿನ ನವೆಂಬರ್‌ಗೆ ಶಂಕರಾಭರಣ ರಾಗ ಹಿಡಿಯೋಣ ಅಂತಿದ್ದೇನೆ. ಅಲ್ಲಿ ಮತ್ತೆ ಅದೇ ಧೈವತ ಕಾಯುತ್ತಿದೆ.