ಬಿದ್ದರೆ ಎತ್ತೋಕೆ ಬರೋ ಗಾಡಿ: ಪುಣೆ ಸುತ್ತಲಿನ ಮಣ್ಣುದಾರಿಗೆ ಬೈಕ್ ಆರಿಸೋದು ಹೇಗೆ

"ಅಕ್ಕಾ, ಪಾನ್‌ಶೇತ್ ಕಡೆ ಮಣ್ಣುದಾರಿಗೆ ಹೋಗೋಕೆ ಯಾವ ಗಾಡಿ ತಗೋಬೇಕು?" ಪುಣೆಯ ವಾರ್ಜೆ, ಕೋಥ್ರೂಡ್ ಕಡೆ ಇರೋ ನಮ್ಮ ಕನ್ನಡದ ಹುಡುಗರು, ಹುಡುಗಿಯರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ನಾನು ತಿರುಗಿ ಕೇಳೋದೂ ಒಂದೇ. ಗಾಡಿ ಬಿದ್ದರೆ ನೀವೊಬ್ಬರೇ ಎತ್ತುತ್ತೀರಾ? ಸಿಸಿ, ಪವರ್, ಬಣ್ಣ ಎಲ್ಲ ಆಮೇಲಿನ ಮಾತು.

ನಾನು ಧಾರವಾಡದವಳು, ಸಂಸಾರ ಪುಣೆಯಲ್ಲಿ. ಎತ್ತರ 5 ಅಡಿ 3 ಇಂಚು. ಭಾನುವಾರ ಬೆಳಿಗ್ಗೆ ಬೇಗ ಎದ್ದು ಖಡಕ್‌ವಾಸ್ಲಾ ದಾಟಿ, ಪಾಬೆ ಘಾಟ್ ಹತ್ತಿ, ವೇಲ್ಹೆ ಸುತ್ತಲಿನ ಹಳ್ಳಿದಾರಿಗಳಲ್ಲಿ ಅಡ್ಡಾಡಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತೇನೆ. ಅಷ್ಟೇ ನನ್ನ ಸವಾರಿ. ಈ ಬರಹವೂ ಅಷ್ಟೇ ಮಾಡೋರಿಗೆ. ಲಡಾಖಿಗೆ ಹೊರಟವರ ಲೆಕ್ಕ ಬೇರೆ.

ಮೊದಲು ತೂಕ ನೋಡಿ. ಕಂಪನಿಯ ಹಾಳೆಯಲ್ಲಿ ಕರ್ಬ್ ತೂಕ ಅಂತ ಇರುತ್ತದೆ, ಅಂದರೆ ಆಯಿಲ್, ಪೆಟ್ರೋಲ್ ಸಮೇತದ ತೂಕ. ಕೆಲವು ಕಡೆ ಪೆಟ್ರೋಲ್ ಬಿಟ್ಟು ಬರೆದಿರುತ್ತಾರೆ, ಅದನ್ನು ನೋಡಿ ಮೋಸ ಹೋಗಬೇಡಿ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆಜಿ ತೂಗುತ್ತದೆ. 13 ಲೀಟರ್ ಟ್ಯಾಂಕು ತುಂಬಿಸಿದರೆ ಹತ್ತು ಕೆಜಿ ಅಕ್ಕಿ ಚೀಲ ಇಟ್ಟ ಹಾಗೆ, ಅದೂ ಎತ್ತರದಲ್ಲಿ. ಅರ್ಧ ದಿನದ ಸುತ್ತಾಟಕ್ಕೆ ಅರ್ಧ ಟ್ಯಾಂಕು ಸಾಕು.

ಕವಾಸಾಕಿ ಕೆಎಲ್ಎಕ್ಸ್ 230 ಸುಮಾರು 140 ಕೆಜಿ. ಹೀರೋ ಎಕ್ಸ್‌ಪಲ್ಸ್ 200 4ವಿ 160 ಕೆಜಿಯ ಹತ್ತಿರ, ಅದರ ತಮ್ಮ ಎಕ್ಸ್‌ಪಲ್ಸ್ 210 ಆದರೆ 168. ನಮ್ಮ ಚಾಕಣದಲ್ಲೇ ತಯಾರಾಗುವ ಕೆಟಿಎಂ 390 ಎಂಡ್ಯೂರೋ ಆರ್ 177. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬರೋಬ್ಬರಿ 196. ಡಾಂಬರಿನ ಮೇಲೆ ಈ ಮೂವತ್ತು ನಲವತ್ತು ಕೆಜಿ ಗೊತ್ತೇ ಆಗೋದಿಲ್ಲ. ಹೆದ್ದಾರಿಯಲ್ಲಿ ಭಾರದ ಗಾಡಿಯೇ ನೆಟ್ಟಗೆ ಓಡುತ್ತದೆ, ಅದೂ ನಿಜ. ಆದರೆ ಇಳಿಜಾರಿನಲ್ಲಿ, ಸಡಿಲ ಗರಸಿನ ಮೇಲೆ, ಎಡಗಾಲು ಊರಲು ಹೋದಾಗ ನೆಲ ಸಿಗದಿದ್ದರೆ ಪ್ರತಿ ಕೆಜಿಯೂ ಲೆಕ್ಕಕ್ಕೆ ಬರುತ್ತದೆ.

ವಿಜಯಪುರದ ಗೆಳೆಯರೊಬ್ಬರು ಹೊಸ ದೊಡ್ಡ ಗಾಡಿ ತಂದಿದ್ದರು. "ಅಕ್ಕಾರ, ನಲವತ್ತು ಪಿಎಸ್ ಪವರ್ ಐತ್ರೀ ಇದರಾಗ!" ಅಂದರು. ಘಾಟಿನ ಕೆಳಗೆ, ಗದ್ದೆಗೆ ಹೋಗುವ ಕಡಿದಾದ ದಾರಿಯಲ್ಲಿ ಗಾಡಿ ನಿಧಾನಕ್ಕೆ ಇಳಿಜಾರಿನ ಕಡೆಗೇ ಮಲಗಿತು. ವೇಗವೇ ಇರಲಿಲ್ಲ, ಸುಮ್ನೆ ವಾಲಿತು. ಚಕ್ರ ಮೇಲೆ, ಹ್ಯಾಂಡಲ್ ಕೆಳಗೆ. ಮೂವರು ಸೇರಿ ಮೊದಲು ಅದನ್ನು ನೆಲದ ಮೇಲೇ ಅರ್ಧ ಸುತ್ತು ತಿರುಗಿಸಿ, ಚಕ್ರ ಇಳಿಜಾರಿನ ಕಡೆ ಬರುವಂತೆ ಮಾಡಿ, ಆಮೇಲೆ ಎತ್ತಬೇಕಾಯಿತು. ಆ ನಲವತ್ತು ಪಿಎಸ್ ಆಗ ಯಾವ ಉಪಯೋಗಕ್ಕೂ ಬರಲಿಲ್ಲ.

ಎತ್ತೋದಕ್ಕೂ ಒಂದು ಕ್ರಮ ಇದೆ. ಎಂಜಿನ್ ಆಫ್ ಮಾಡಿ. ಗೇರ್ ಹಾಕಿರಲಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಎಳೆದಿಡಿ, ಎತ್ತಿದ ಮೇಲೆ ಎಡಕ್ಕೆ ಬೀಳೋದಿಲ್ಲ. ಹ್ಯಾಂಡಲ್ ಅನ್ನು ಪೂರ್ತಿ ತಿರುಗಿಸಿ, ನೆಲದ ಕಡೆಯ ಹಿಡಿಕೆ ಟ್ಯಾಂಕಿನ ಹತ್ತಿರ ಬರಬೇಕು. ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಒರಗಿ ಕುಳಿತು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೇಲ್ ಹಿಡಿದು, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತ ಏಳಿ. ಸೊಂಟ ಬಗ್ಗಿಸಿ ಎಳೆಯಬೇಡಿ. ಶೋರೂಮಿನವರು ಹೊಸ ಗಾಡಿ ಮಲಗಿಸೋಕೆ ಬಿಡೋದಿಲ್ಲ, ಅದು ಸರಿಯೇ. ಅದೇ ಮಾಡೆಲ್ ಇರುವ ಗೆಳೆಯರನ್ನು ಹಿಡಿಯಿರಿ, ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ ಎತ್ತಿ ನೋಡಿ. ಇದಕ್ಕಿಂತ ಒಳ್ಳೆಯ ಟೆಸ್ಟ್ ರೈಡ್ ಇಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು ಸೀಟಿನ ಎತ್ತರ. ಇದರಲ್ಲಿ ಜನ ಸುಮ್ನೆ ಹೆದರುತ್ತಾರೆ. ಎಕ್ಸ್‌ಪಲ್ಸ್ 200 4ವಿ ಸೀಟು 825 ಮಿಮೀ, ಹಿಮಾಲಯನ್ 450ದೂ ಅಷ್ಟೇ, ಕೆಎಲ್ಎಕ್ಸ್ 880. ಹಾಳೆ ಮೇಲೆ ನೋಡಿದರೆ ನನ್ನಂಥವಳಿಗೆ ಕೆಎಲ್ಎಕ್ಸ್ ಆಗೋದೇ ಇಲ್ಲ ಅನಿಸುತ್ತದೆ, ಅಲ್ವಾ? ಆದರೆ ಅದರ ಸೀಟು ಕಿರಿದು, ಕುಳಿತಾಗ ಸಸ್ಪೆನ್ಷನ್ ಸಾಕಷ್ಟು ಕೆಳಗಿಳಿಯುತ್ತದೆ. ಅಗಲ ಸೀಟಿನ ಗಾಡಿಯಲ್ಲಿ ತೊಡೆ ಹರಡಿ, ಸೀಟು ತಗ್ಗಿದ್ದರೂ ಕಾಲು ನೆಲ ಮುಟ್ಟೋದಿಲ್ಲ. ಹಾಗಾಗಿ ಬೂಟು ಹಾಕಿಕೊಂಡೇ ಶೋರೂಮಿಗೆ ಹೋಗಿ, ಕೂತು ನೋಡಿ. ಎರಡೂ ಪಾದ ಪೂರ್ತಿ ಊರಬೇಕು ಅಂತೇನಿಲ್ಲ. ಸೀಟಿನಲ್ಲಿ ಸ್ವಲ್ಪ ಎಡಕ್ಕೆ ಸರಿದಾಗ ಎಡಪಾದದ ಮುಂಭಾಗ ಗಟ್ಟಿಯಾಗಿ ಊರಿದರೆ ಸಾಕು, ಬಲಗಾಲು ಬ್ರೇಕ್ ಮೇಲೆ ಇರಲಿ. ಎಕ್ಸ್‌ಪಲ್ಸ್ 200 4ವಿ ಪ್ರೋ ಮಾತ್ರ 891 ಮಿಮೀ. ಸಸ್ಪೆನ್ಷನ್ ಬಹಳ ಚೆನ್ನಾಗಿದೆ, ಆದರೆ ಗಿಡ್ಡಗಿರೋರು, ಹೊಸಬರು ಅದಕ್ಕೆ ಆಸೆ ಪಡಬೇಡಿ.

ಪವರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಕ್ಸ್‌ಪಲ್ಸ್ 200ರ 19 ಪಿಎಸ್ ಹತ್ತಿರದ ಶಕ್ತಿ ನಮ್ಮ ಹಳ್ಳಿದಾರಿಗಳಿಗೆ ಬೇಕಾದಷ್ಟಾಯಿತು. ಮುಂಬೈ ಕಡೆಗೋ ಕೊಲ್ಹಾಪುರ ಕಡೆಗೋ ಹೆದ್ದಾರಿ ಹಿಡಿದಾಗ ಕೊರತೆ ಗೊತ್ತಾಗುತ್ತದೆ, ಅಷ್ಟೇ. ನೋಡಬೇಕಾದ್ದು ಬೇರೆ. ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಕೊಡದೆ ನಡೆಯುವ ವೇಗದಲ್ಲಿ ಗಾಡಿ ಹೋಗುತ್ತದಾ, ಅಥವಾ ಜಗ್ಗಿ ಜಗ್ಗಿ ಬಂದ್ ಆಗುತ್ತದಾ? ಕ್ಲಚ್ ಅನ್ನು ಎರಡು ಬೆರಳಲ್ಲಿ ಎಳೆಯೋಕೆ ಬರುತ್ತದಾ? ಟೆಸ್ಟ್ ರೈಡ್‌ನಲ್ಲಿ ಸ್ಪೀಡ್ ಬ್ರೇಕರ್ ಮೇಲೆ ಎದ್ದು ನಿಂತು ಓಡಿಸಿ. ಹ್ಯಾಂಡಲ್ ತಗ್ಗಾಗಿ ಬೆನ್ನು ಬಾಗಿದರೆ ಅದನ್ನು ಎತ್ತರಿಸುವ ಹ್ಯಾಂಡಲ್ ರೈಸರ್ ಹಾಕಿಸಬೇಕಾಗುತ್ತದೆ. ಇನ್ನೊಂದು ಮಾತು. ಕೆಎಲ್ಎಕ್ಸ್ 230, ಎಕ್ಸ್‌ಪಲ್ಸ್ 200 ಎರಡಕ್ಕೂ ರೇಡಿಯೇಟರ್ ಇಲ್ಲ. ಕಲ್ಲಿಗೆ ಬಡಿದು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸೋರುವ ಚಿಂತೆ ಇಲ್ಲ.

ಚಕ್ರ ಮುಂದೆ 21 ಇಂಚು, ಹಿಂದೆ 18 ಇಂಚು, ಕಡ್ಡಿ ಚಕ್ರ ಇರಲಿ. ದೊಡ್ಡ ಚಕ್ರ ಕಲ್ಲು, ಗುಂಡಿ ಸಲೀಸಾಗಿ ದಾಟುತ್ತದೆ. ಅಲಾಯ್ ಚಕ್ರ ಕಲ್ಲಿಗೆ ಹೊಡೆದರೆ ಸೀಳಬಹುದು. ಕಡ್ಡಿ ಚಕ್ರ ಸೊಟ್ಟಗಾದರೂ ಮನೆ ಮುಟ್ಟಿಸುತ್ತದೆ. ಹೆಚ್ಚಿನವುಗಳಲ್ಲಿ ಟ್ಯೂಬ್ ಇರುವುದೇ ತಾಪತ್ರಯ. ಒಂದೇ ಟ್ಯೂಬ್ ಒಯ್ಯೋದಾದರೆ 21 ಇಂಚಿನದು ಒಯ್ಯಿರಿ, ಅವಸರಕ್ಕೆ ಹಿಂದಿನ ಚಕ್ರಕ್ಕೂ ತುರುಕಬಹುದು. ಮುಂದಿನ ಮಡ್‌ಗಾರ್ಡ್ ಟೈರಿಗೆ ಅಂಟಿಕೊಂಡಿದೆಯಾ, ಎತ್ತರದಲ್ಲಿದೆಯಾ ನೋಡಿ. ಮಳೆಗಾಲದ ಎರೆಮಣ್ಣು ಗೊತ್ತಲ್ಲ, ನಮ್ಮ ಧಾರವಾಡದ ಹಾಗೇ ಇಲ್ಲೂ ಇದೆ. ತಗ್ಗಿನ ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಚಕ್ರ ತಿರುಗೋದನ್ನೇ ನಿಲ್ಲಿಸುತ್ತದೆ.

ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ ಬೇಕಾದಷ್ಟು ಸಿಗುತ್ತವೆ, ಕಲಿಯೋಕೆ ನನ್ನ ಮೊದಲ ಸಲಹೆಯೂ ಅದೇ. ಹೊಸ ಗಾಡಿ ಬೀಳಿಸೋಕೆ ಯಾರಿಗೆ ಮನಸ್ಸು ಬರುತ್ತದೆ ಹೇಳಿ. ನೋಡುವಾಗ ಮುಂದಿನ ಚಕ್ರ ಮೇಲೆತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲೋ ಕಟ್ ಅಂತ ಹಿಡಿದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಹೋಗಿದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಮೇಲೆ ಎಣ್ಣೆ ಪಸೆ ಇದೆಯಾ ಬೆರಳಿಂದ ಒರೆಸಿ ನೋಡಿ. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಸಡಿಲ ಇರಬಾರದು. ಕೆಳಗೆ ಬಗ್ಗಿ ಎಂಜಿನ್ ಕಾಯುವ ತಗಡು, ಬ್ಯಾಶ್ ಪ್ಲೇಟ್ ನೋಡಿ. ಅದರ ಮೇಲೆ ಗೀರು ಇದ್ದರೆ ಪರವಾಗಿಲ್ಲ, ಫ್ರೇಮಿನ ಕೊಳವೆ ನಗ್ಗಿದ್ದರೆ ಬಿಟ್ಟು ಬನ್ನಿ. ಲಿವರ್, ಕೇಬಲ್, ಹ್ಯಾಂಡ್‌ಗಾರ್ಡ್‌ಗೆಲ್ಲ ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠ್ ಇದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಊರಿಂದ ಕೆಎ 25ರದೋ (ಧಾರವಾಡ) ಕೆಎ 22ರದೋ (ಬೆಳಗಾವಿ) ಗಾಡಿ ತರುವವರು ಕಾಗದದ ಕಡೆ ಗಮನ ಕೊಡಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಹಾಕಿಸಬೇಕು ಅನ್ನೋದು ಕಾನೂನು. ಅದಕ್ಕೆ ಊರಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕು. ಇದನ್ನೆಲ್ಲ ಗಾಡಿಯ ಬೆಲೆಗೆ ಸೇರಿಸಿ ನೋಡಿ, ಎಷ್ಟೋ ಸಲ ಇಲ್ಲಿಯದೇ ಅಗ್ಗ ಬೀಳುತ್ತದೆ. ಸಾಲದ ಗಾಡಿಯಾಗಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿದ ಮೇಲೇ ದುಡ್ಡು ಕೊಡಿ.

ಗಾಡಿಗೆ ಎಣಿಸಿಟ್ಟ ದುಡ್ಡಿನಲ್ಲೇ ಹೆಲ್ಮೆಟ್, ಗಟ್ಟಿ ಬೂಟು, ಮೊಣಕಾಲಿನ ಗಾರ್ಡ್‌ಗೂ ತೆಗೆದಿಡಿ. ಪುಣೆಯ ಟೇಕಡಿಗಳ, ಅಂದರೆ ಊರೊಳಗಿನ ಗುಡ್ಡಗಳ ಮೇಲೆ ಬೈಕ್ ಹತ್ತಿಸಬೇಡಿ, ಅದು ಬೆಳಿಗ್ಗೆ ವಾಕಿಂಗ್ ಬರುವವರ ಜಾಗ. ಮಳೆಗಾಲದಲ್ಲಿ ಮುಳಶಿ, ವೇಲ್ಹೆ ಕಡೆ ಭತ್ತದ ನಾಟಿ ನಡೆದಿರುತ್ತದೆ, ಬದುವಿನ ಮೇಲೆ ಚಕ್ರ ಹಾಕಿದರೆ ರೈತರು ಬೈಯುತ್ತಾರೆ, ಬೈಯಲೇಬೇಕು. ಡಾಂಬರು ಮುಗಿದ ಕಡೆ ಗಾಡಿ ನಿಲ್ಲಿಸಿ ಟೈರಿನ ಗಾಳಿಯನ್ನು 20 ಪಿಎಸ್ಐ ಆಸುಪಾಸಿಗೆ ಇಳಿಸಿ. ವಾಪಸ್ ಬರುವಾಗ ಮತ್ತೆ ತುಂಬಿಸೋಕೆ ಬ್ಯಾಗಿನಲ್ಲಿ ಒಂದು ಸಣ್ಣ ಸೈಕಲ್ ಪಂಪ್ ಇಟ್ಟುಕೊಳ್ಳಿ. ಕೈ ನೋಯುತ್ತದೆ, ಆದರೆ ಅದಕ್ಕೆ ಬ್ಯಾಟರಿ, ಚಾರ್ಜ್ ಏನೂ ಬೇಡ.