‘ಥ’ದ ಚುಕ್ಕೆ ಉಳಿಯಬೇಕು: ಪೆನ್ನು, ಚೀಲ, ಟೀ ಶರ್ಟಿನ ಮುದ್ರಣಕ್ಕೆ ಫೈಲ್ ಸಿದ್ಧಪಡಿಸುವ ನನ್ನ ಕ್ರಮ

ತುಮಕೂರಿನಲ್ಲಿ ಈ ಕೆಲಸಕ್ಕೆ ಹಂಗಾಮು ಇದೆ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗೆ ಕೈಚೀಲ, ನವೆಂಬರ್ 1ಕ್ಕೆ ಕೆಂಪು-ಹಳದಿ ಟೀ ಶರ್ಟು, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ ಹೊತ್ತಿಗೆ ಟೋಪಿ, ಮಾರ್ಚ್ 4ರ ಸುರಕ್ಷತಾ ದಿನಕ್ಕೆ ವಸಂತನರಸಾಪುರದ ಕಾರ್ಖಾನೆಗಳಿಂದ ಸ್ಟೀಲ್ ಬಾಟಲಿ. ಆರ್ಡರ್ ಯಾವುದೇ ಇರಲಿ, ವಿನ್ಯಾಸಕ್ಕೆ ಕೈ ಹಾಕುವ ಮೊದಲು ಮೂರು ವಿಷಯ ಕೇಳಿ ಬರೆದುಕೊಳ್ಳುತ್ತೇನೆ: ಯಾವ ವಸ್ತು, ಅದು ಯಾವುದರಿಂದ ಮಾಡಿದ್ದು, ಎಷ್ಟು ಬೇಕು. ಹತ್ತಿಯ ಶರ್ಟು ನೂರು, ಬಣ್ಣ ಒಂದೇ ಎಂದರೆ ಸ್ಕ್ರೀನ್ ಪ್ರಿಂಟಿಂಗ್ (ಜಾಲರಿಯ ಮೂಲಕ ಶಾಯಿ ಒತ್ತುವುದು). ಇಪ್ಪತ್ತೇ ಶರ್ಟು, ಬಣ್ಣ ಹಲವು ಎಂದರೆ ಡಿಟಿಎಫ್ (ಹಾಳೆಯ ಮೇಲೆ ಮುದ್ರಿಸಿ ಬಿಸಿಯಿಂದ ಬಟ್ಟೆಗೆ ಅಂಟಿಸುವುದು). ಬಿಳಿ ಪಾಲಿಯೆಸ್ಟರ್ ಜರ್ಸಿ ಅಥವಾ ಕೋಟಿಂಗ್ ಇರುವ ಮಗ್ ಆದರೆ ಸಬ್ಲಿಮೇಷನ್ (ಬಿಸಿಗೆ ಶಾಯಿ ಆವಿಯಾಗಿ ವಸ್ತುವಿನ ಮೈಗೆ ಇಳಿಯುವ ಮುದ್ರಣ). ಇಷ್ಟು ತಿಳಿಯದೆ ಮಾಡಿದ ಫೈಲನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಲೋಗೋ ಸಾಮಾನ್ಯವಾಗಿ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬರುತ್ತದೆ. ಹಾಗೆ ಬಂದ ಚಿತ್ರ ಕುಗ್ಗಿ, ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಅದು 135 ಮಿ.ಮೀ. ಮಾತ್ರ. ಬೆನ್ನಿನ ಮೇಲೆ 280 ಮಿ.ಮೀ. ಅಗಲ ಬೇಕಾದರೆ ಸುಮಾರು 3,300 ಪಿಕ್ಸೆಲ್ ಇರಬೇಕು. 72 ಇದ್ದ ಕಡೆ 300 ಎಂದು ಟೈಪ್ ಮಾಡಿದರೆ ಪಿಕ್ಸೆಲ್ ಹುಟ್ಟುವುದಿಲ್ಲ, ಮಸುಕು ದೊಡ್ಡದಾಗುತ್ತದೆ ಅಷ್ಟೆ. ಹಾಗಾಗಿ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳುತ್ತೇನೆ. ಮೂಲವೇ ಇಲ್ಲ ಎಂದರೆ ಸಂಸ್ಥೆಯ ಯಾವುದಾದರೂ ಬ್ರೋಷರ್‌ನ ಪಿಡಿಎಫ್ ಕೇಳುತ್ತೇನೆ. ಅದನ್ನು ಶೇಕಡ 800ರಷ್ಟು ಜೂಮ್ ಮಾಡಿದಾಗಲೂ ಲೋಗೋದ ಅಂಚು ಚೂಪಾಗಿದ್ದರೆ ಒಳಗೆ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆಚಿತ್ರ) ಇದೆ ಎಂದರ್ಥ. ಇಂಕ್‌ಸ್ಕೇಪ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ತೆರೆದು ಹೊರತೆಗೆಯಬಹುದು. ಅದೂ ಸಿಗದಿದ್ದರೆ ಕೈಯಿಂದಲೇ ಮರುರಚನೆ. ತಂತ್ರಾಂಶವೇ ಚಿತ್ರ ನೋಡಿ ಗೆರೆ ಎಳೆಯುವ ಆಟೋ ಟ್ರೇಸ್ ಮಾಡಿದರೆ ವೃತ್ತ ಸೊಟ್ಟಗಾಗುತ್ತದೆ, ನೇರ ಗೆರೆ ಅಲುಗಿದಂತೆ ಕಾಣುತ್ತದೆ. ಸಂಘದ ಮುದ್ರೆಯಲ್ಲಿ ಇರುವುದೇ ಎರಡು ವೃತ್ತ, ಒಂದು ತೆನೆ. ಅರ್ಧ ಗಂಟೆಯ ಕೆಲಸ.

ಹೆಚ್ಚು ಎಚ್ಚರ ಬೇಕಾಗುವುದು ಕನ್ನಡ ಅಕ್ಷರಕ್ಕೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್ ಪಠ್ಯವನ್ನು ಕೋರೆಲ್‌ಡ್ರಾ ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿಗೆ ಅಂಟಿಸಿದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕಕ್ಕೆ ನಿಲ್ಲುತ್ತದೆ, ಅರ್ಕಾವೊತ್ತು ಜಾಗ ತಪ್ಪುತ್ತದೆ. ಇಲಸ್ಟ್ರೇಟರ್‌ನಲ್ಲೂ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸದಿದ್ದರೆ ಇದೇ ಗತಿ. ಇಂಕ್‌ಸ್ಕೇಪ್ ಉಚಿತ, ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಹಾಗಾಗಿ ಪಠ್ಯವನ್ನು ಅಲ್ಲೇ ಟೈಪ್ ಮಾಡಿ, ಪಾತ್‌ಗೆ (ಬರೀ ಗೆರೆಗಳ ಆಕಾರಕ್ಕೆ) ಬದಲಿಸಿ, ಎಸ್‌ವಿಜಿ ಮಾಡಿ ಕೋರೆಲ್‌ಗೆ ತರುತ್ತೇನೆ. ಬದಲಿಸುವ ಮುಂಚಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಲೇಬೇಕು. ಪಾತ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ.

ಪಾತ್ ಆದ ಕೂಡಲೇ ಇನ್ನೊಂದು ತೊಂದರೆ. ಕನ್ನಡ ಫಾಂಟ್‌ಗಳಲ್ಲಿ ಒತ್ತು ಮತ್ತು ಸ್ವರಚಿಹ್ನೆ ಮೂಲ ಅಕ್ಷರದ ಮೇಲೆ ಸ್ವಲ್ಪ ಹತ್ತಿ ಕೂತಿರುತ್ತವೆ. ಎಲ್ಲವನ್ನೂ ಆಯ್ದು ಕಂಬೈನ್ ಒತ್ತಿದರೆ ಒಂದರ ಮೇಲೊಂದು ಬಿದ್ದ ಜಾಗ ತೂತಾಗುತ್ತದೆ. ಪರದೆಯಲ್ಲಿ ಸಣ್ಣಗೆ ಕಾಣುವ ಆ ಬಿಳಿ ಚುಕ್ಕೆ ಚೀಲದ ಮೇಲೆ ಎದ್ದು ಕಾಣುತ್ತದೆ. ಬಳಸಬೇಕಾದ್ದು ವೆಲ್ಡ್, ಅದು ಎಲ್ಲವನ್ನೂ ಬೆಸೆದು ಒಂದೇ ಆಕಾರ ಮಾಡುತ್ತದೆ. ವೆಲ್ಡ್ ಮಾಡಿದ ನಂತರ, ಗೆರೆ ಮಾತ್ರ ಕಾಣುವ ವೈರ್‌ಫ್ರೇಮ್ ನೋಟದಲ್ಲಿ ನೋಡಿ, ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆ ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತೇನೆ. ವಿನೈಲ್ ಕತ್ತರಿಸುವ ಯಂತ್ರಕ್ಕಂತೂ ಆ ಅಡ್ಡಗೆರೆ ಸಿಕ್ಕರೆ ಅಕ್ಷರವನ್ನೇ ತುಂಡು ಮಾಡುತ್ತದೆ.

ಅಳತೆಯ ವಿಚಾರದಲ್ಲಿ ಇಂಗ್ಲಿಷಿನ ಲೆಕ್ಕ ನಮಗೆ ಹೊಂದುವುದಿಲ್ಲ. ಪೆನ್ನಿನ ಮೇಲೆ ಸಿಗುವ ಜಾಗ ಸುಮಾರು 45 x 6 ಮಿ.ಮೀ. ಇಂಗ್ಲಿಷಿನ ದೊಡ್ಡಕ್ಷರವಾದರೆ ಎರಡು ಸಾಲು ಹಿಡಿಸಬಹುದು. ‘ಸ್ತ್ರೀಶಕ್ತಿ ಸ್ವಸಹಾಯ ಸಂಘ’ ಎಂದು ಬರೆಯಬೇಕಾದರೆ ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಜಾಗ ಹೋಗಿ ಮೂಲ ಅಕ್ಷರಕ್ಕೆ ಉಳಿಯುವುದು ಅರ್ಧ ಎತ್ತರ. ಅದಕ್ಕೇ ಪೆನ್ನಿನ ಮೇಲೆ ಕನ್ನಡ ಒಂದೇ ಸಾಲು ಎಂದು ಮೊದಲೇ ಹೇಳಿಬಿಡುತ್ತೇನೆ. ಫೋನ್ ನಂಬರ್ ಬೇಕಿದ್ದರೆ ಅದೇ ಸಾಲಿನ ಕೊನೆಗೆ.

ಗೆರೆಯ ದಪ್ಪ ಬಟ್ಟೆಯ ಮೇಲೆ 0.3 ಮಿ.ಮೀ.ಗಿಂತ ಕಡಿಮೆ ಇಡುವುದಿಲ್ಲ. ಬಣ್ಣದ ಪಟ್ಟಿಯೊಳಗೆ ಖಾಲಿ ಬಿಟ್ಟ ಅಕ್ಷರವಾದರೆ 0.5, ಏಕೆಂದರೆ ಶಾಯಿ ಒಳಕ್ಕೆ ಹರಡುತ್ತದೆ. ನಾನ್‌ವೋವನ್ (ನೇಯದ ಬಟ್ಟೆಯ) ಚೀಲದ ಮೈಮೇಲೆ ಗುಳಿಗಳಿರುವುದರಿಂದ ಅಲ್ಲಿ 0.8. ದ-ಧ, ಪ-ಫಗಳ ವ್ಯತ್ಯಾಸವಿರುವುದು ಒಂದು ಸಣ್ಣ ಸೀಳಿನಲ್ಲಿ. ‘ರಥೋತ್ಸವ’ದ ಥದೊಳಗಿನ ಚುಕ್ಕೆ ಸ್ಕ್ರೀನಿನಲ್ಲಿ ಹಾರಿಹೋದರೆ ಅದು ‘ರಧೋತ್ಸವ’ ಆಗುತ್ತದೆ. ಸಣ್ಣ ಅಳತೆಯಲ್ಲಿ ಆ ಚುಕ್ಕೆಯನ್ನು ನೋಡ್ ಟೂಲ್‌ನಿಂದ ದಪ್ಪ ಮಾಡುತ್ತೇನೆ, ಸೀಳನ್ನು ಅಗಲಿಸುತ್ತೇನೆ. ‘ಬಾಲೂ ತಮ್ಮ’ದಂಥ ದಪ್ಪ ಫಾಂಟು ಬೆನ್ನಿನ ಮೇಲೆ ಚೆಂದ, ಜೇಬಿನ ಅಳತೆಗೆ ತಂದರೆ ಒಳಜಾಗ ಮುಚ್ಚಿಕೊಳ್ಳುತ್ತದೆ. ಅಲ್ಲಿ ನೋಟೋ ಸ್ಯಾನ್ಸ್ ಕನ್ನಡದ ಮಧ್ಯಮ ತೂಕ ಸಾಕು.

ಔಟ್‌ಲೈನ್ ಹಾಕಿದ ವಿನ್ಯಾಸವನ್ನು ಕೋರೆಲ್‌ನಲ್ಲಿ ಚಿಕ್ಕದು ಮಾಡುವಾಗ ಗೆರೆಯ ದಪ್ಪ ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುವುದಿಲ್ಲ. ಎ4 ಅಳತೆಯಲ್ಲಿ ಸರಿಯಿದ್ದದ್ದು ಪೆನ್ನಿಗೆ ಇಳಿದಾಗ ಅಕ್ಷರವನ್ನೇ ನುಂಗುತ್ತದೆ. ಎಲ್ಲ ಗೆರೆಯನ್ನೂ ಆಬ್ಜೆಕ್ಟ್ (ತುಂಬಿದ ಆಕಾರ) ಮಾಡಿದ ಮೇಲೆಯೇ ಅಳತೆ ಬದಲಿಸುವುದು.

ಸ್ಕ್ರೀನ್ ಪ್ರಿಂಟಿಂಗ್‌ಗೆ ಪ್ರತಿ ಬಣ್ಣಕ್ಕೂ ಒಂದು ಫಿಲ್ಮ್ (ಸ್ಕ್ರೀನ್ ತಯಾರಿಸಲು ಬಳಸುವ ಪಾರದರ್ಶಕ ಹಾಳೆ), ಪ್ರತಿಯೊಂದರಲ್ಲೂ ಪೂರ್ತಿ ಕಪ್ಪು, ನಾಲ್ಕೂ ಕಡೆ ಬಣ್ಣಗಳನ್ನು ಸರಿಯಾಗಿ ಹೊಂದಿಸುವ ರಿಜಿಸ್ಟ್ರೇಷನ್ ಗುರುತು. ರಾಜ್ಯೋತ್ಸವದ ಕೆಂಪು ಶರ್ಟಿನ ಮೇಲೆ ಹಳದಿಯನ್ನು ನೇರವಾಗಿ ಹಾಕಿದರೆ ಕಿತ್ತಳೆಯಂತೆ ಮಂಕಾಗುತ್ತದೆ; ಕೆಳಗೆ ಬಿಳಿ ಬೇಸ್ ಬೇಕು. ಆ ಬಿಳಿಯ ಫಿಲ್ಮನ್ನು ಸುತ್ತಲೂ 0.2 ಮಿ.ಮೀ. ಒಳಕ್ಕೆ ಎಳೆಯುತ್ತೇನೆ, ಇಲ್ಲದಿದ್ದರೆ ಹಳದಿಯ ಅಂಚಿನಲ್ಲಿ ಬಿಳಿ ಇಣುಕುತ್ತದೆ. ಕೆಂಪು ಬಟ್ಟೆ ಪಾಲಿಯೆಸ್ಟರ್ ಆಗಿದ್ದರೆ ಶಾಯಿಯನ್ನು ಕ್ಯೂರ್ ಮಾಡುವ (ಗಟ್ಟಿಗೊಳಿಸುವ) ಬಿಸಿಗೆ ಬಟ್ಟೆಯ ಬಣ್ಣವೇ ಶಾಯಿಗೆ ಏರಿ ಬಿಳಿ ಗುಲಾಬಿಯಾಗುತ್ತದೆ. ಅದನ್ನು ತಡೆಯುವ ಬೂದು ಬೇಸ್‌ಗೆ ಇನ್ನೊಂದು ಫಿಲ್ಮ್ ಸೇರಿಸಬೇಕು, ದರವನ್ನೂ ಹಾಗೆಯೇ ಹೇಳಬೇಕು.

ಡಿಟಿಎಫ್‌ಗೆ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ, 300 ಡಿಪಿಐ, ಅಸಲು ಅಳತೆ. ಇಲ್ಲಿ ಕೆಡುವುದು ನೆರಳು ಮತ್ತು ಹೊಳಪಿನ ಎಫೆಕ್ಟ್. ಅರೆಪಾರದರ್ಶಕ ಪಿಕ್ಸೆಲ್‌ಗಳ ಕೆಳಗೂ ಯಂತ್ರ ಬಿಳಿ ಹಾಕುವುದರಿಂದ ಕಪ್ಪು ಶರ್ಟಿನ ಮೇಲೆ ಕೊಳಕು ಬಿಳಿ ಅಂಚು ಮೂಡುತ್ತದೆ. ಅಂಚು ಖಡಕ್ಕಾಗಿರಲಿ, ನೆರಳು ಬೇಕೇ ಬೇಕೆಂದರೆ ಹಾಫ್‌ಟೋನ್ (ದೂರದಿಂದ ನೆರಳಿನಂತೆ ಕಾಣುವ ಸಣ್ಣ) ಚುಕ್ಕೆಯಾಗಿ ಮಾಡಿ.

ಮಗ್‌ಗೆ ನಾನು ಇಡುವ ಅಳತೆ 200 x 90 ಮಿ.ಮೀ., ಮುಖ್ಯ ಪಠ್ಯ ಅಂಚಿನಿಂದ 10 ಮಿ.ಮೀ. ಒಳಗೆ. ಸಬ್ಲಿಮೇಷನ್‌ನಲ್ಲಿ ಬಿಳಿ ಶಾಯಿ ಇಲ್ಲ. ಬಿಳಿ ಎಂದರೆ ಮಗ್‌ನ ಮೈ. ಫೈಲ್ ಆರ್‌ಜಿಬಿಯಲ್ಲಿಯೇ (ಪರದೆಯ ಬಣ್ಣಕ್ರಮದಲ್ಲಿಯೇ) ಇರಲಿ. ಕನ್ನಡಿ ಬಿಂಬವನ್ನು ಫೈಲಿನಲ್ಲಿ ಮಾಡಬೇಡಿ, ಪ್ರಿಂಟರ್ ಸಾಫ್ಟ್‌ವೇರ್‌ನಲ್ಲೇ ಮಾಡಿ. ಎರಡೂ ಕಡೆ ಮಾಡಿದರೆ ಅಕ್ಷರ ತಿರುಗುಮುರುಗಾಗಿ ಮಗ್ ವ್ಯರ್ಥ.

ಸ್ಟೀಲ್ ಬಾಟಲಿಯ ಲೇಸರ್‌ಗೆ ಕಪ್ಪು ವೆಕ್ಟರ್ ಒಂದೇ ಸಾಕು, ಆದರೆ ಬಾಟಲಿ ಗುಂಡಗಿದೆ. 70 ಮಿ.ಮೀ. ವ್ಯಾಸದ ಬಾಟಲಿಯ ಮೇಲೆ ಲೋಗೋ 25 ಮಿ.ಮೀ. ಅಗಲವಿದ್ದರೂ ಅಂಚು ಮಧ್ಯಕ್ಕಿಂತ 2 ಮಿ.ಮೀ.ಗೂ ಹೆಚ್ಚು ಕೆಳಗಿರುತ್ತದೆ. ಬಾಟಲಿಯನ್ನು ತಿರುಗಿಸುವ ರೋಟರಿ ಇಲ್ಲದೆ ಅದಕ್ಕಿಂತ ಅಗಲ ಮಾಡಿದರೆ ಫೋಕಸ್ ತಪ್ಪಿ ಅಂಚಿನ ಅಕ್ಷರ ಮಸುಕಾಗುತ್ತದೆ. ಉದ್ದ ಹೆಸರನ್ನು ಬಾಟಲಿಯ ಉದ್ದಕ್ಕೆ ಲಂಬವಾಗಿ ತಿರುಗಿಸುವುದೇ ಸರಿ.

ಕೊನೆಗೆ ಪಿಡಿಎಫ್ ಮಾಡುವಾಗ ಫೈಲಿನ ಬಿಳಿ ಅಕ್ಷರ, ಆಕಾರಗಳಿಗೆ ಓವರ್‌ಪ್ರಿಂಟ್ (ಕೆಳಗಿನ ಬಣ್ಣವನ್ನು ತೆಗೆಯದೆ ಅದರ ಮೇಲೆಯೇ ಮುದ್ರಿಸುವ) ಗುರುತು ಇಲ್ಲ ಎಂದು ನೋಡುತ್ತೇನೆ. ಇದ್ದರೆ ಪರದೆಯಲ್ಲಿ ಕಂಡ ಬಿಳಿ ಅಕ್ಷರ ಮುದ್ರಣದಲ್ಲಿ ಮಾಯವಾಗುತ್ತದೆ. ನಂತರ ನೂರಕ್ಕೆ ನೂರು ಅಳತೆಯಲ್ಲಿ ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿ, ಅದೇ ಪೆನ್ನಿಗೋ ಚೀಲಕ್ಕೋ ಅಂಟಿಸಿ, ತೋಳಿನಷ್ಟು ದೂರ ಹಿಡಿದು ಓದುತ್ತೇನೆ. ಆ ಕಾಗದದ ಮೇಲೆಯೇ ಗ್ರಾಹಕರ ಸಹಿ ಪಡೆದು, ಅದು ಕೈಗೆ ಬಂದ ಮೇಲೆ ಫಿಲ್ಮ್ ತೆಗೆಯಲು ಕೊಡುತ್ತೇನೆ.